ಜನವರಿಯ ನಾಲಿಗೆಗಳು

ನಾನು ಕೆಲಸ ಮಾಡುವುದು ಬಿಸ್ಕತ್ತು ಕಾರ್ಖಾನೆಯಲ್ಲಿ. ದಿನಕ್ಕೆ ಎರಡು ಸಲ ಒಂದೊಂದು ಬಿಸ್ಕತ್ತು ತಿಂದು, ಅದು ಎಂದಿನಂತೆಯೇ ಇದೆಯೋ ಇಲ್ಲವೋ ಎಂದು ಹೇಳುವುದು ನನ್ನ ಕೆಲಸ. ಇದಕ್ಕೆ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಬೇಕಾಗಿರಲಿಲ್ಲ. ಆದರೆ ಅದು ನನ್ನ ಹತ್ತಿರ ಮೊದಲೇ ಇತ್ತು.

ರುಚಿ ನೋಡುವವರು ನಾವು ನಾಲ್ವರು. ಎಲೆಕ್ಟ್ರಿಷಿಯನ್, ಪ್ಯಾಕಿಂಗ್ ವಿಭಾಗದ ಮೇಡಂ, ಸ್ಟೋರ್ ಕೀಪರ್, ನಾನು. ಅವರು ಮೂವರೂ ತಮ್ಮ ತಮ್ಮ ಕೆಲಸದ ನಡುವೆ ಬಂದು ತಿಂದು ಹೋಗುತ್ತಾರೆ. ನನಗೆ ಇದೇ ಕೆಲಸ. ಜೊತೆಗೆ ನಾಲ್ವರ ಉತ್ತರಗಳನ್ನೂ ಸೇರಿಸಿ ತಿಂಗಳ ನಕ್ಷೆ ಬರೆಯಬೇಕು. ಲ್ಯಾಬಿನ ಪಕ್ಕದ ಕೋಣೆಯಲ್ಲಿ ಒಬ್ಬೊಬ್ಬರೇ ಕೂರುವ ನಾಲ್ಕು ಗೂಡುಗಳಿವೆ. ಬಿಸ್ಕತ್ತಿನ ಬಣ್ಣ ನೋಡಿ ಮೋಸ ಹೋಗಬಾರದೆಂದು ಪ್ರತಿ ಗೂಡಿನಲ್ಲೂ ಕೆಂಪು ಬಲ್ಬು. ಎದುರಿಗಿನ ಸಣ್ಣ ಕಿಂಡಿಯಿಂದ ಕೆಮಿಸ್ಟ್ ಒಂದು ತಟ್ಟೆ, ಒಂದು ಲೋಟ ಬಿಸಿನೀರು, ಒಂದು ಚೀಟಿ ತಳ್ಳುತ್ತಾರೆ. ಚೀಟಿಯಲ್ಲಿ ಎರಡು ಚೌಕ: ‘ಅದೇ’, ‘ಬೇರೆ’. ಹಳೆಯ ಬಿಸ್ಕತ್ತನ್ನು ಪಕ್ಕದಲ್ಲಿಟ್ಟು ಹೋಲಿಸುವಂತಿಲ್ಲ, ಏಕೆಂದರೆ ಅದು ಹಳೆಯದಾಗಿರುತ್ತದೆ. ಹೋಲಿಸಬೇಕಾದದ್ದು ನಾಲಿಗೆಯ ನೆನಪಿನ ಜೊತೆ. ನಲವತ್ತೊಂದು ವರ್ಷಗಳಿಂದ ಈ ಕಾರ್ಖಾನೆ ಇದೊಂದೇ ಸಾದಾ ಬಿಸ್ಕತ್ತನ್ನು ಮಾಡುತ್ತಿದೆ. ಅದು ಅಂದಿನಂತೆಯೇ ಇದೆ ಎನ್ನುವುದಕ್ಕೆ ನಮ್ಮಂಥವರ ಬಾಯಿಮಾತೇ ಸಾಕ್ಷಿ.

ಕಳೆದ ಜೂನ್‌ನಲ್ಲಿ ನನ್ನ ಗಂಡ ತೀರಿಕೊಂಡ. ಬೆಳಿಗ್ಗೆ ಕೆಲಸಕ್ಕೆ ಹೋದ, ಮಧ್ಯಾಹ್ನ ಆಸ್ಪತ್ರೆಯಿಂದ ಫೋನ್ ಬಂತು. ಹದಿನೈದು ದಿನದ ರಜೆ ಮುಗಿಸಿ ನಾನು ಗೂಡಿಗೆ ಬಂದು ಕೂತು ಬಿಸ್ಕತ್ತು ಬಾಯಿಗೆ ಹಾಕಿದೆ. ರಟ್ಟು. ನೀರು ಕುಡಿದು ಇನ್ನೊಂದು ತುಂಡು ಹಾಕಿಕೊಂಡೆ. ಒದ್ದೆ ರಟ್ಟು. ‘ಅದೇ’ ಎನ್ನುವ ಚೌಕದಲ್ಲಿ ಗುರುತು ಹಾಕಿ ಚೀಟಿಯನ್ನು ಹಿಂದಕ್ಕೆ ತಳ್ಳಿದೆ. ಡಾಕ್ಟರು ನಾಲಿಗೆ ಹೊರಗೆ ಹಾಕಿಸಿ ನೋಡಿ, ನಾಲಿಗೆಯಲ್ಲಿ ಏನೂ ದೋಷವಿಲ್ಲ, ಕಾದು ನೋಡೋಣ ಎಂದರು. ಕಾಯುತ್ತಾ ನಾನು ದಿನಕ್ಕೆರಡು ಸಲ ‘ಅದೇ’ ಎಂದು ಬರೆದೆ. ಕಾರ್ಖಾನೆ ನಿಯತ್ತಿನದು. ಆ ಆರು ತಿಂಗಳಲ್ಲಿ ಬಿಸ್ಕತ್ತು ಒಮ್ಮೆಯೂ ಬದಲಾಗಲಿಲ್ಲ. ಉಳಿದವರು ನೆಗಡಿಯಾದಾಗ, ಮನೆಯಲ್ಲಿ ಜಗಳವಾದಾಗ ಅಲ್ಲೊಂದು ಇಲ್ಲೊಂದು ಸಲ ಎಡವಿದರು. ಡಿಸೆಂಬರ್‌ನಲ್ಲಿ ವರ್ಷದ ನಕ್ಷೆ ಬರೆದಾಗ, ನಾಲ್ಕರಲ್ಲಿ ಅತಿ ನಂಬಿಕಸ್ತ ನಾಲಿಗೆ ನನ್ನದೇ ಎಂದು ನಾನೇ ನನ್ನ ಕೈಯಾರೆ ತೋರಿಸಬೇಕಾಯಿತು.

ಆದರೆ ಜನವರಿ ಕೊನೆಯಲ್ಲಿ ವಾರ್ಷಿಕ ಪರೀಕ್ಷೆ ಇರುತ್ತದೆ. ಅಲ್ಲಿ ಒಂದಲ್ಲ, ಮೂರು ತಟ್ಟೆ. ಎರಡರಲ್ಲಿ ಒಂದೇ ಬಿಸ್ಕತ್ತು, ಒಂದರಲ್ಲಿ ಬೇರೆಯದು. ಆ ಬೇರೆಯದನ್ನು ಹುಡುಕಬೇಕು. ಇಂಥ ಹನ್ನೆರಡು ಸುತ್ತು. ಎಂಟಾದರೂ ಸರಿಯಾಗಬೇಕು, ಇಲ್ಲದಿದ್ದರೆ ನಾಲಿಗೆಯ ಕರಾರು ಮುಗಿಯಿತು. ಬರೀ ಊಹೆಯ ಮೇಲೆ ಎಂಟು ಸರಿಯಾಗುವ ಸಾಧ್ಯತೆ ನೂರಕ್ಕೆ ಎರಡು. ಇದನ್ನು ಲೆಕ್ಕ ಹಾಕುವಷ್ಟು ನಾನು ಓದಿದ್ದೆ.

ಹೊಸ ಮ್ಯಾನೇಜರ್ ಬಂದದ್ದೂ ಡಿಸೆಂಬರ್‌ನಲ್ಲೇ. ಮೂವತ್ತೈದರ ಆಸುಪಾಸು. ಮೈದಾ ಗೋದಾಮಿನಲ್ಲಿ ಬಿಳಿ ಬೂಟು ಹಾಕಿಕೊಂಡು ಓಡಾಡಿದ ಮೊದಲ ಮ್ಯಾನೇಜರ್ ಅವರೇ. ಅಲ್ಲಿ ಬಿಳಿ ಬೂಟು ಕೊಳೆಯಾಗುವುದಿಲ್ಲ ಎನ್ನುವುದು ಅದಕ್ಕೆ ಮೊದಲು ಯಾರಿಗೂ ಹೊಳೆದಿರಲಿಲ್ಲ. ಜನವರಿ ಒಂದನೇ ತಾರೀಕು ಕ್ಯಾಂಟೀನಿನಲ್ಲಿ ಎಲ್ಲರನ್ನೂ ಸೇರಿಸಿ ಕೈಗೊಂದು ಕಾರ್ಡು ಕೊಟ್ಟರು. ‘ಈ ವರ್ಷ ನಾನು ಬದಲಾಯಿಸಿಕೊಳ್ಳುವುದು’ ಎಂದು ಅಚ್ಚಾಗಿತ್ತು, ಮುಂದೆ ಖಾಲಿ ಗೆರೆ. ಬರೆದು, ಸಹಿ ಮಾಡಿ, ಹಲಗೆಗೆ ಚುಚ್ಚಬೇಕು.

ಎಲೆಕ್ಟ್ರಿಷಿಯನ್ ‘ಸಿಗರೇಟು’ ಎಂದು ಬರೆದ. ಪ್ಯಾಕಿಂಗ್ ಮೇಡಂ ‘ಸಕ್ಕರೆ’ ಎಂದರು. ಸ್ಟೋರ್ ಕೀಪರ್ ಬಹಳ ಹೊತ್ತು ಯೋಚಿಸಿ ‘ಹೊಟ್ಟೆ’ ಎಂದು ಬರೆದರು.

“ಹೊಟ್ಟೆ ಬದಲಾಯಿಸ್ತೀರಾ? ಬೇರೆಯವರದ್ದು ಹಾಕ್ಕೊಳ್ತೀರಾ?” ಎಂದು ಎಲೆಕ್ಟ್ರಿಷಿಯನ್ ಕೇಳಿದ.

“ಕರಗಿಸ್ತೀನಯ್ಯಾ. ಕಷಾಯ ತಂದಿದೀನಿ. ಮೂರು ಹೊತ್ತು, ಖಾಲಿ ಹೊಟ್ಟೆಗೆ.”

“ಆ ಹೊಟ್ಟೆ ಖಾಲಿ ಇರೋ ಹೊತ್ತು ಯಾವುದು?”

ನಾನು ‘ಏನೂ ಇಲ್ಲ’ ಎಂದು ಬರೆದು ಚುಚ್ಚಿದೆ. ಮ್ಯಾನೇಜರ್ ಅದರ ಮುಂದೆ ನಿಂತರು.

“ಏನೂ ಇಲ್ವಾ ಮೇಡಂ? ಏನಾದ್ರೂ ಒಂದು ಇರ್ಲೇಬೇಕಲ್ಲ.”

“ಹೋದ ವರ್ಷ ಬದಲಾಗಿದ್ದು ಸಾಕು ಸರ್.”

ಪ್ಯಾಕಿಂಗ್ ಮೇಡಂ ಮ್ಯಾನೇಜರ್ ಕಿವಿಯಲ್ಲಿ ಏನೋ ಹೇಳಿದರು. ಮ್ಯಾನೇಜರ್ ಮುಖದಲ್ಲಿ ನಿಜವಾಗಿಯೂ ಕನಿಕರ ಬಂತು. “ಹಾಗಾದ್ರೆ ಇದು ನಿಮಗೇ ಎಲ್ಲರಿಗಿಂತ ಜಾಸ್ತಿ ಬೇಕಾಗಿರೋದು,” ಎಂದು ಇನ್ನೊಂದು ಖಾಲಿ ಕಾರ್ಡು ಕೊಟ್ಟರು. ಅದನ್ನು ಬ್ಯಾಗಿಗೆ ಹಾಕಿಕೊಂಡೆ.

ಅದೇ ಸಂಜೆ ಅಕ್ಕ ಫೋನ್ ಮಾಡಿದಳು. ಅವಳಿರುವುದು ರೈಲಿನಲ್ಲಿ ಹನ್ನೊಂದು ಗಂಟೆ ದೂರದ ಊರಿನಲ್ಲಿ.

“ಹೊಸ ವರ್ಷ ಕಣೆ. ಇನ್ನಾದ್ರೂ ಹೊಸದಾಗಿ ಶುರು ಮಾಡು. ಇಲ್ಲಿಗೆ ಬಾ. ಮಹಡಿ ಮೇಲಿನ ರೂಮಿಗೆ ಬಣ್ಣ ಹೊಡೆಸಿದೀನಿ. ಕಾರು ಕಲಿ. ಕೂದಲು ಕತ್ತರಿಸ್ಕೊ.”

“ಕೂದಲು ಏನು ಮಾಡ್ತು?”

“ಹಠ ಮಾಡಬೇಡ. ಅಲ್ಲಿ ಏನಿದೆ ನಿನಗೆ? ಎರಡು ರೂಮು, ಒಬ್ಬರು ಅತ್ತೆ, ಒಂದು ಬಿಸ್ಕತ್ತು.”

ಪಟ್ಟಿ ಸರಿಯಾಗಿಯೇ ಇತ್ತು. ಆದರೆ ಆ ಎರಡು ರೂಮಿನ ಬಾಡಿಗೆ ಮನೆ ನಿಂತಿರುವುದು ನನ್ನ ಕೆಲಸದ ಮೇಲೆ. ಕೆಲಸ ಹೋದರೆ ಅತ್ತೆ ತಮ್ಮನ ಮನೆಗೆ ಹೋಗುತ್ತಾರೆ, ನಾನು ಅಕ್ಕನ ಮಹಡಿಗೆ. ಮದುವೆ ಎಂದು ನಾನು ಮಾಡಿಕೊಂಡದ್ದರಲ್ಲಿ ಉಳಿದಿರುವುದು ನಾನು ಮತ್ತು ಅತ್ತೆ ಸಂಜೆ ಆರಕ್ಕೆ ಎದುರು ಬದುರು ಕೂತು ಚಹಾ ಕುಡಿಯುವುದು. ಹೆಚ್ಚು ಮಾತೂ ಇರುವುದಿಲ್ಲ. ಅದನ್ನು ಬಿಟ್ಟುಕೊಡಲು ನನಗೆ ಇಷ್ಟವಿರಲಿಲ್ಲ. ಅಕ್ಕನಿಗೆ ಇದನ್ನು ಹೇಳಲು ಬರಲಿಲ್ಲ.

“ಇಪ್ಪತ್ಮೂರಕ್ಕೆ ಪರೀಕ್ಷೆ ಇದೆ,” ಎಂದೆ.

“ಪಾಸಾದ್ರೆ ಇರು, ನಾನು ಬಾಯಿ ಮುಚ್ಕೊಂಡಿರ್ತೀನಿ. ಫೇಲಾದ್ರೆ ಮಾತಿಲ್ಲದೆ ಬರಬೇಕು. ಇಪ್ಪತ್ತೈದಕ್ಕೆ ಟಿಕೆಟ್ ಮಾಡಿಸಿರ್ತೀನಿ. ಆಯ್ತಾ?”

ಆಯ್ತು ಎಂದುಬಿಟ್ಟೆ. ಫೋನು ಬೇಗ ಇಡಬೇಕಾದರೆ ನಾನು ಆಯ್ತು ಎನ್ನುತ್ತೇನೆ.

ಐದನೇ ತಾರೀಕು ಸೋಮವಾರ, ಬೆಳಗಿನ ಸುತ್ತಿನಲ್ಲಿ ಮೂರು ‘ಬೇರೆ’ ಬಂದವು. ನನ್ನದೊಂದೇ ‘ಅದೇ’. ಕೆಮಿಸ್ಟ್ ಕಿಂಡಿಯಿಂದ ಇಣುಕಿ, “ಇನ್ನೊಂದ್ಸಲ ತಿನ್ನಿ,” ಎಂದರು. ತಿಂದೆವು. ಮತ್ತೆ ಮೂರು ಬೇರೆ, ಒಂದು ಅದೇ.

“ಎಷ್ಟು ಸಿಹಿ ಅಂದ್ರೆ ಹಲ್ಲು ಜುಂ ಅಂತಿದೆ,” ಎಂದರು ಪ್ಯಾಕಿಂಗ್ ಮೇಡಂ. ಸಕ್ಕರೆ ಬಿಟ್ಟು ಅವರಿಗೆ ಐದು ದಿನವಾಗಿತ್ತು.

“ಸಿಹಿ ಮಾತ್ರ ಅಲ್ಲ, ಬೆಣ್ಣೆ!” ಎಂದ ಎಲೆಕ್ಟ್ರಿಷಿಯನ್. ಸಿಗರೇಟಿಲ್ಲದ ಅವನ ಕಣ್ಣು ಹೊಳೆಯುತ್ತಿತ್ತು. “ಇಪ್ಪತ್ತು ವರ್ಷದಲ್ಲಿ ಮೊದಲನೇ ಸಲ ಬೆಣ್ಣೆ ಗೊತ್ತಾಗ್ತಿದೆ.”

“ಇದಕ್ಕೆ ಬೆಣ್ಣೆ ಹಾಕೋದೇ ಇಲ್ಲ,” ಎಂದರು ಕೆಮಿಸ್ಟ್.

“ಅದೇ ನಾನು ಹೇಳ್ತಿರೋದು. ಯಾರೋ ಹಾಕಿದಾರೆ.”

ಸ್ಟೋರ್ ಕೀಪರಿಗೆ ಕಷಾಯದ ಮೇಲೆ ಲೋಕವೆಲ್ಲ ಸಕ್ಕರೆ ಪಾಕವಾಗಿತ್ತು. ಅವರು ಚೀಟಿಯ ಎರಡೂ ಚೌಕ ಬಿಟ್ಟು ಅಂಚಿನಲ್ಲಿ ‘ತುಂಬಾ ಬೇರೆ’ ಎಂದು ಬರೆದಿದ್ದರು.

ನಾಲ್ವರಲ್ಲಿ ಮೂವರು ಬೇರೆ ಎಂದರೆ ಬಿಸ್ಕತ್ತು ತಯಾರಾಗುವ ಸಾಲನ್ನೇ ನಿಲ್ಲಿಸಬೇಕೆಂಬುದು ನಿಯಮ. ಸಾಲು ನಿಂತಿತು. ಒಲೆಯ ಎಂಜಿನಿಯರ್ ಬಂದು ಒಲೆಯೊಳಗೆ ತಲೆಯಿಟ್ಟರು. ಮೈದಾ ಮೂಟೆಗಳನ್ನು ಬಿಚ್ಚಿ ನೋಡಿದರು. ತೂಕದ ಯಂತ್ರವನ್ನೇ ಇನ್ನೊಂದು ತೂಕದ ಯಂತ್ರದ ಮೇಲಿಟ್ಟು ತೂಗಿದರು. ಕೆಮಿಸ್ಟ್ ತಮ್ಮ ಸೀಸೆಗಳಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಎಲ್ಲ ಅಳೆದು, ಎಲ್ಲ ಎಂದಿನಷ್ಟೇ ಇದೆ ಎಂದರು. ಮೂರು ದಿನ ನಾವು ತಿನ್ನುತ್ತಲೇ ಇದ್ದೆವು. ಮೂವರದು ಬೇರೆ, ನನ್ನದು ಅದೇ.

ಏನಾಗಿದೆ ಎಂದು ನನಗೆ ಎರಡನೇ ದಿನವೇ ಗೊತ್ತಾಯಿತು. ಬದಲಾಗಿದ್ದು ಬಿಸ್ಕತ್ತಲ್ಲ, ಬಾಯಿಗಳು. ಮ್ಯಾನೇಜರಿಗೆ ಹೇಳಬಹುದಿತ್ತು. ಹೇಳಿದರೆ ಮುಂದಿನ ಪ್ರಶ್ನೆ, ನಿಮ್ಮ ಬಾಯಿ ಹೇಗಿದೆ ಎನ್ನುವುದು. ಸುಮ್ಮನಿದ್ದೆ. ಎಲೆಕ್ಟ್ರಿಷಿಯನ್ ನನಗೆ ‘ಅದೇ ಮೇಡಂ’ ಎಂದು ಹೆಸರಿಟ್ಟ.

“ಅದೇ ಮೇಡಂ, ಊಟ ಆಯ್ತಾ?”

“ಆಯ್ತು.”

“ಏನಿತ್ತು? ಅದೇನಾ?”

ಎಂಟನೇ ತಾರೀಕು ಮ್ಯಾನೇಜರ್ ಒಂದು ನಿರ್ಧಾರ ಮಾಡಿದರು. ಮೂರು ಅನುಭವಿ ನಾಲಿಗೆಗಳು ಸಿಹಿ ಹೆಚ್ಚಾಯಿತು ಎನ್ನುತ್ತಿವೆ, ಹಾಗಾದರೆ ತೂಕದ ಯಂತ್ರವೂ ಸೀಸೆಗಳೂ ಸುಳ್ಳು ಹೇಳುತ್ತಿರಬೇಕು. ನಮಗೆ ತಿಳಿಸದೆ ಸಕ್ಕರೆಯನ್ನು ಮೂರನೇ ಒಂದು ಭಾಗ ಇಳಿಸಿದರು. ಮಧ್ಯಾಹ್ನದ ಸುತ್ತಿನಲ್ಲಿ ಎಲೆಕ್ಟ್ರಿಷಿಯನ್ ಗೂಡಿನೊಳಗಿಂದಲೇ ಕೂಗಿದ: “ಬಂತು ನೋಡಿ! ಅದೇ!” ಮೂವರೂ ‘ಅದೇ’ ಎಂದರು. ನಾನೂ ‘ಅದೇ’ ಎಂದೆ. ನಾಲ್ಕಕ್ಕೆ ನಾಲ್ಕು. ಸಾಲು ಓಡಿತು. ಮ್ಯಾನೇಜರ್ ಕ್ಯಾಂಟೀನಿನಲ್ಲಿ ಎಲ್ಲರ ಕೈ ಕುಲುಕಿದರು.

ಶನಿವಾರ ಶನಿವಾರ ಕಾರ್ಖಾನೆಯವರು ನಮಗೆ ಮುರಿದ ಬಿಸ್ಕತ್ತಿನ ಒಂದು ಚೀಲ ಕೊಡುತ್ತಾರೆ. ಹತ್ತನೇ ತಾರೀಕಿನ ಚೀಲ ಮನೆಗೆ ಬಂತು. ಆರಕ್ಕೆ ಚಹಾ ಇಟ್ಟು ಅತ್ತೆ ಒಂದು ತುಂಡು ಅದ್ದಿ ಬಾಯಿಗಿಟ್ಟರು. ಅಗಿದರು. ನಿಲ್ಲಿಸಿದರು.

“ಇದೇನೇ ಇದು? ಜ್ವರದವರಿಗೆ ಕೊಡೋ ಹಾಗಿದೆ.”

“ಯಾಕೆ?”

“ಯಾಕೆ ಅಂತ ನೀನು ಹೇಳ್ಬೇಕು. ಸಕ್ಕರೆ ಎಲ್ಲಿ ಹೋಯ್ತು? ನೀವು ಯಾರೂ ತಿಂದು ನೋಡ್ಲಿಲ್ವಾ?”

“ನೋಡಿದ್ವಿ.”

“ನೀನು ಏನು ಹೇಳಿದೆ?”

“ಅದೇ ಅಂದೆ.”

ಅತ್ತೆ ಲೋಟ ಕೆಳಗಿಟ್ಟರು. ನನ್ನ ಮುಖವನ್ನೇ ನೋಡಿದರು. ಅವರು ಹಾಗೆ ನೋಡುವುದು ಅಪರೂಪ. ನಾವಿಬ್ಬರೂ ಸಾಮಾನ್ಯವಾಗಿ ಕಿಟಕಿ ನೋಡುತ್ತೇವೆ.

“ನನಗೆ ಅನುಮಾನ ಇತ್ತು,” ಎಂದರು. “ನವೆಂಬರ್‌ನಲ್ಲಿ ಒಂದಿನ ಅಡುಗೆಗೆ ಉಪ್ಪು ಹಾಕೋದು ಮರೆತೆ. ನೀನು ತಟ್ಟೆ ಖಾಲಿ ಮಾಡಿ ಎದ್ದೆ. ಪಾಪ, ಅತ್ತೆ ಬೇಜಾರು ಮಾಡ್ಕೊಳ್ತಾರೆ ಅಂತ ಸುಮ್ಮನಿದಾಳೆ ಅಂದ್ಕೊಂಡೆ. ಮಾರನೇ ದಿನ ಬೇಕಂತಲೇ ಹಾಕ್ಲಿಲ್ಲ. ಆಗಲೂ ಇಲ್ಲ. ಮೂರನೇ ದಿನ ನನಗೂ ಹಠ ಬಂತು. ಯಾವಾಗ ಕೇಳ್ತಾಳೆ ನೋಡೇಬಿಡೋಣ ಅಂತ.”

“ಎಷ್ಟು ದಿನ?”

“ಐದು ದಿನ. ಆಮೇಲೆ ನನ್ನ ಕೈಲೇ ಆಗ್ಲಿಲ್ಲ. ನಾನೂ ಅದನ್ನೇ ತಿನ್ಬೇಕಲ್ಲ!”

ನನಗೆ ನಗು ಬಂತು. ಜೂನ್ ಆದ ಮೇಲೆ ಅದು ಮೊದಲನೆಯದೋ ಅಲ್ಲವೋ, ನೆನಪಿಲ್ಲ. ಆಮೇಲೆ ಪರೀಕ್ಷೆಯ ವಿಷಯ, ಅಕ್ಕನ ಟಿಕೆಟಿನ ವಿಷಯ ಎಲ್ಲ ಹೇಳಿದೆ. ಅತ್ತೆ ಹೋಗು ಎನ್ನಲಿಲ್ಲ, ಇರು ಎನ್ನಲಿಲ್ಲ. ಲೋಟ ತೊಳೆದು ಬಂದು, ಸೀರೆಗೆ ಕೈ ಒರೆಸಿಕೊಳ್ಳುತ್ತಾ ಕೇಳಿದರು:

“ನಾಲಿಗೆ ಹೋಯ್ತು, ಸರಿ. ಹಲ್ಲು ಇದೆಯಲ್ಲ? ಕಿವಿ ಇದೆಯಲ್ಲ? ಕೈ?”

ಮರುದಿನದಿಂದ ಚಹಾ ಆದ ಮೇಲೆ ಪಾಠ. ಅತ್ತೆ ಬೀದಿ ಕೊನೆಯ ಅಂಗಡಿಯಿಂದ ಎರಡು ಪೊಟ್ಟಣ ತಂದಿದ್ದರು, ಒಂದು ಸಾದಾ, ಒಂದು ಬೆಣ್ಣೆಯದು. ಒಂದು ಬಿಸ್ಕತ್ತು ಪೊಟ್ಟಣದಿಂದ ತೆಗೆದ ಹಾಗೇ ಇದ್ದದ್ದು, ಇನ್ನೊಂದು ಕುದಿಯುವ ನೀರಿನ ಆವಿಗೆ ಹಿಡಿದದ್ದು, ಮತ್ತೊಂದು ಬಿಸಿ ಬಾಣಲೆಯ ಮೇಲೆ ಮಗುಚಿದ್ದು. ನಾನು ಕಣ್ಣು ಮುಚ್ಚಬೇಕು, ಕಿವಿಯ ಹತ್ತಿರ ಮುರಿಯಬೇಕು.

“ಇದು?”

“ಮೆತ್ತಗಿನದು.”

“ಅಲ್ಲ. ಅವಸರ ಮಾಡಬೇಡ. ಇನ್ನೊಂದ್ಸಲ ಮುರಿ. ಎಂ.ಎಸ್ಸಿ. ಮಾಡಿದಾಳಂತೆ, ಬಿಸ್ಕತ್ತು ಮುರಿಯೋಕೆ ಬರಲ್ಲ.”

ಮೊದಲ ಎರಡು ದಿನ ಎಲ್ಲವೂ ಒಂದೇ ಸದ್ದು. ಮೂರನೇ ದಿನ ಎರಡು ಸದ್ದು ಕೇಳಿಸಿತು. ಒಂದು ವಾರದಲ್ಲಿ, ಹೆಚ್ಚು ಬೆಂದದ್ದು ಒಮ್ಮೆಗೇ ಮುರಿಯುತ್ತದೆ, ಕಡಿಮೆ ಬೆಂದದ್ದು ಮುರಿಯುವ ಮೊದಲು ಸ್ವಲ್ಪ ಬಾಗುತ್ತದೆ, ಕೊಬ್ಬು ಹೆಚ್ಚಾದದ್ದು ಬೆರಳಿನಲ್ಲಿ ಪುಡಿಯಾಗದೆ ಹತ್ತಿಕೊಳ್ಳುತ್ತದೆ ಎಂದು ತಿಳಿಯಿತು. ಹಲ್ಲಿನ ಕೆಳಗೆ ಮೊದಲ ಒತ್ತು ಎಷ್ಟು, ಎರಡನೇ ಒತ್ತು ಎಷ್ಟು ಎಂದು ಅಳೆಯುವುದು ಬಂತು. ರುಚಿ ಮಾತ್ರ ಬರಲಿಲ್ಲ. ಒಂದು ದಿನ ನಾನು ಕಿವಿಯ ಹತ್ತಿರ ಬಿಸ್ಕತ್ತು ಹಿಡಿದದ್ದನ್ನು ನೋಡಿ ಅತ್ತೆ, “ಅವನೂ ಚಿಕ್ಕವನಿದ್ದಾಗ ಹೀಗೇ ಮಾಡ್ತಿದ್ದ,” ಎಂದರು. ಆ ದಿನದ ಪಾಠ ಅಲ್ಲಿಗೇ ಮುಗಿಯಿತು.

ಅತ್ತ ಕಾರ್ಖಾನೆಯಲ್ಲಿ ಹದಿನೈದರ ಹೊತ್ತಿಗೆ ಹೊಸ ವರ್ಷ ಹಳೆಯದಾಯಿತು. ಎಲೆಕ್ಟ್ರಿಷಿಯನ್ ಜನರೇಟರ್ ಕೋಣೆಯ ಹಿಂದೆ ನಿಂತು ಹೊಗೆ ಬಿಡುತ್ತಿದ್ದ.

“ಬಿಟ್ಟಿದ್ರಲ್ಲ?” ಎಂದೆ.

“ಬಿಟ್ಟಿದ್ದೆ ಮೇಡಂ. ಹದಿಮೂರು ದಿನ. ಬಿಡೋಕೆ ಆಗುತ್ತೆ ಅಂತ ಗೊತ್ತಾಯ್ತಲ್ಲ, ಇನ್ನು ಯಾಕೆ ಒದ್ದಾಟ?”

ಪ್ಯಾಕಿಂಗ್ ಮೇಡಂ ತಂಗಿಯ ಮಗಳ ಹುಟ್ಟುಹಬ್ಬದಲ್ಲಿ ಒಂದೇ ಒಂದು ತುಂಡು ಕೇಕು ತಿಂದಿದ್ದರು, ಆಮೇಲೆ ಉಳಿದದ್ದನ್ನು. ಸ್ಟೋರ್ ಕೀಪರರ ಕಷಾಯದ ಬಾಟಲಿ ಮುಗಿದಿತ್ತು, ಹೊಟ್ಟೆ ಮುಗಿದಿರಲಿಲ್ಲ. ಹದಿನಾರನೇ ತಾರೀಕು ಮತ್ತೆ ಮೂರು ‘ಬೇರೆ’ ಬಂದವು. ಈ ಸಲ ಸಪ್ಪೆ ಎಂದು.

“ಸಕ್ಕರೆ ಯಾರು ಕದ್ದಿದ್ದು?” ಎಂದು ಎಲೆಕ್ಟ್ರಿಷಿಯನ್ ಗಲಾಟೆ ಮಾಡಿದ.

ಅಷ್ಟರಲ್ಲಿ ಅಂಗಡಿಗಳಿಂದ ಪೆಟ್ಟಿಗೆಗಳು ವಾಪಸ್ ಬರತೊಡಗಿದ್ದವು. ಒಂದರ ಮೇಲೆ ಅಂಗಡಿಯವರು ಪೆನ್ನಿನಲ್ಲಿ ‘ಇದಕ್ಕೆ ಏನಾಗಿದೆ?’ ಎಂದು ಬರೆದಿದ್ದರು, ಹಾಸಿಗೆ ಹಿಡಿದವರ ಬಗ್ಗೆ ವಿಚಾರಿಸುವ ಹಾಗೆ. ಹತ್ತೊಂಬತ್ತಕ್ಕೆ ಮ್ಯಾನೇಜರ್ ಸಕ್ಕರೆಯನ್ನು ಮೊದಲಿನಷ್ಟಕ್ಕೇ ಏರಿಸಿದರು. ಮೂವರೂ ‘ಅದೇ’ ಎಂದರು. ಜನವರಿ ಎಲ್ಲಿ ಶುರುವಾಗಿತ್ತೋ ಅಲ್ಲಿಗೆ ಬಂದು ನಿಂತಿತು.

ಮಾರನೇ ದಿನ ಮ್ಯಾನೇಜರ್ ನನ್ನನ್ನು ಕೋಣೆಗೆ ಕರೆಸಿದರು. ಮೇಜಿನ ಮೇಲೆ ನಾನೇ ಬರೆದ ನಕ್ಷೆ. ಮೂರು ಗೆರೆಗಳು ಏರಿ ಇಳಿದು ಒದ್ದಾಡಿದ್ದವು. ನಾಲ್ಕನೆಯದು ಸ್ಕೇಲಿಟ್ಟು ಎಳೆದ ಹಾಗಿತ್ತು.

“ಇಡೀ ಕಾರ್ಖಾನೆ ತತ್ತರಿಸ್ತಾ ಇದ್ದಾಗ ಒಬ್ಬರೇ ಅಲ್ಲಾಡಲಿಲ್ಲ,” ಎಂದರು. “ನನಗೆ ನಾಚಿಕೆ ಆಗ್ತಿದೆ ಮೇಡಂ. ನಿಮ್ಮ ಮಾತು ಕೇಳಿದ್ರೆ ಏನೂ ಆಗ್ತಿರಲಿಲ್ಲ.”

“ಸಕ್ಕರೆ ಇಳಿಸಿದಾಗಲೂ ಅದೇ ಅಂದಿದೀನಿ ಸರ್. ಅದು ತಪ್ಪು.”

“ಅದು ಬೇರೆ ವಿಷಯ. ನಾನು ಆಳವಾಗಿ ಯೋಚನೆ ಮಾಡಿದೆ. ಮೇಲುಮೇಲಿನ ಸಿಹಿ ನಿಮ್ಮನ್ನ ದಾರಿ ತಪ್ಪಿಸಲ್ಲ. ನೀವು ಬಿಸ್ಕತ್ತಿನ ಆತ್ಮ ಹಿಡೀತೀರಿ.”

ನಾನು ಅವರ ಬಿಳಿ ಬೂಟು ನೋಡುತ್ತಾ ನಿಂತಿದ್ದೆ.

“ಇನ್ಮೇಲೆ ನೀವೇ ಮುಖ್ಯ ಪರೀಕ್ಷಕಿ. ನಾಲ್ವರ ವೋಟು ಬೇಡ. ನೀವು ಒಬ್ಬರು ಹೇಳಿದ್ರೆ ಸಾಲು ಓಡುತ್ತೆ, ನೀವು ಬೇಡ ಅಂದ್ರೆ ನಿಲ್ಲುತ್ತೆ. ಮುಖ್ಯ ಪರೀಕ್ಷಕರಿಗೆ ವಾರ್ಷಿಕ ಪರೀಕ್ಷೆಯೂ ಇಲ್ಲ. ಹೆಡ್ ಆಫೀಸಿಗೆ ನಿಮ್ಮ ಹೆಸರು ಕಳಿಸಿಯಾಯ್ತು.”

ಇದ್ದಲ್ಲೇ ಇರಲು ಇದಕ್ಕಿಂತ ಸುಲಭದ ದಾರಿ ಯಾರಿಗೂ ಸಿಗಲಾರದು. ಹೂಂ ಎಂದರೆ ಸಾಕಿತ್ತು. ಅತ್ತೆ ಒಂದು ತುಂಡು ಅದ್ದಿ, ಅಗಿಯುವುದನ್ನು ನಿಲ್ಲಿಸಿದ್ದು ಕಣ್ಣಿಗೆ ಬಂತು. ಇನ್ನು ಮುಂದೆ ಹಾಗಾದರೆ ಅದಕ್ಕೆ ನಾನೊಬ್ಬಳೇ ಕಾರಣಳಾಗಿರುತ್ತೇನೆ.

“ಸರ್, ನನಗೆ ಏಳು ತಿಂಗಳಿಂದ ಯಾವ ರುಚಿಯೂ ಗೊತ್ತಾಗ್ತಿಲ್ಲ.”

ಮ್ಯಾನೇಜರ್ ಮನಸಾರೆ ನಕ್ಕರು. “ದೊಡ್ಡ ಕಲಾವಿದರೆಲ್ಲ ಹೀಗೇ ಹೇಳೋದು!”

“ನಿಜ ಹೇಳ್ತಿದೀನಿ.”

“ಗೊತ್ತು ಗೊತ್ತು. ವಿನಯ ಇರ್ಬೇಕು, ಆದ್ರೆ ಇಷ್ಟಲ್ಲ.”

“ಹಾಗಾದ್ರೆ ಎಲ್ಲರ ಜೊತೆ ನಾನೂ ಪರೀಕ್ಷೆ ತಗೊಳ್ತೀನಿ,” ಎಂದೆ. “ಪಾಸಾದ್ರೆ ನೀವು ಹೇಳಿದ ಹಾಗೆ.”

ಮ್ಯಾನೇಜರಿಗೆ ಅದೂ ವಿನಯದಂತೆಯೇ ಕಂಡಿತು. ಸಂತೋಷದಿಂದ ಒಪ್ಪಿದರು.

ಇಪ್ಪತ್ಮೂರನೇ ತಾರೀಕು, ಬೆಳಿಗ್ಗೆ ಹತ್ತು. ಕೆಂಪು ಬಲ್ಬು, ಮೂರು ತಟ್ಟೆ. ಕಿಂಡಿ ತೆರೆಯುವುದು, ಮುಚ್ಚುವುದು. ಎರಡನೇ ಸುತ್ತಿನಲ್ಲಿ ಮಧ್ಯದ ಬಿಸ್ಕತ್ತು ಮುರಿಯುವ ಮೊದಲು ಕೂದಲೆಳೆಯಷ್ಟು ಬಾಗಿತು: ಕಡಿಮೆ ಬೆಂದದ್ದು. ನಾಲ್ಕರಲ್ಲಿ ಬಲಗಡೆಯದು ಬೆರಳಿಗೆ ಹತ್ತಿತು. ಇಂಥವು ಐದು ಸಿಕ್ಕವು. ಆ ಐದರಲ್ಲಿ ನನಗೆ ಅನುಮಾನವೇ ಇರಲಿಲ್ಲ. ಉಳಿದ ಏಳರಲ್ಲಿ ಮೂರೂ ಒಂದೇ ಥರ ಮುರಿದವು, ಒಂದೇ ಥರ ಪುಡಿಯಾದವು. ಉಪ್ಪೋ ಸಕ್ಕರೆಯೋ ಎಲ್ಲೋ ಬೇರೆಯಾಗಿತ್ತು. ಒಂದೊಂದನ್ನೂ ಬಹಳ ಹೊತ್ತು ಬಾಯಿಯಲ್ಲಿಟ್ಟುಕೊಂಡೆ. ರಟ್ಟು, ರಟ್ಟು, ರಟ್ಟು. ಊಹೆಯಿಂದ ಏಳರಲ್ಲಿ ಎರಡು ಸರಿಯಾಗಬಹುದು, ನನಗೆ ಮೂರು ಬೇಕಾಗಿತ್ತು. ಕೈಗೆ ಬಂದ ಕಡೆ ಗುರುತು ಹಾಕಿದೆ. ಕೊನೆಯ ಚೀಟಿ ತಳ್ಳಿದ ಮೇಲೆ ಬಿಸಿನೀರು ಕುಡಿದು ಅಲ್ಲೇ ಕೂತಿದ್ದೆ.

ಸಂಖ್ಯಾಶಾಸ್ತ್ರ ಮೋಸ ಮಾಡುವುದಿಲ್ಲ. ಎರಡೇ ಸರಿಯಾಗಿದ್ದವು. ಒಟ್ಟು ಏಳು.

ಕೆಮಿಸ್ಟ್ ಹಾಳೆಗಳನ್ನು ಹಿಡಿದು ಬಂದರು. ಹನ್ನೆರಡು ವರ್ಷಗಳಿಂದ ಕಿಂಡಿಯ ಆ ಕಡೆ ಅವರು, ಈ ಕಡೆ ನಾವು. ಅವರು ನನ್ನ ಜೊತೆ ಕೂತು ಮಾತಾಡಿದ್ದು ಅದೇ ಮೊದಲು.

“ಮ್ಯಾನೇಜರ್ ಏಳನ್ನ ಎಂಟು ಅಂತ ಬರೀರಿ ಅಂತಿದಾರೆ. ಹೆಡ್ ಆಫೀಸಿಗೆ ಹೆಸರು ಹೋಗಿಬಿಟ್ಟಿದೆಯಲ್ಲ.”

“ಏಳೇ ಇರಲಿ.”

“ನಾನು ಬರೆಯೋದೂ ಏಳೇ. ಅದಲ್ಲ ವಿಷಯ.” ಹಾಳೆಯನ್ನು ನನ್ನ ಕಡೆ ತಿರುಗಿಸಿದರು. “ಬೇಯೋದ್ರಲ್ಲಿ, ತೇವದಲ್ಲಿ, ಕೊಬ್ಬಿನಲ್ಲಿ, ದಪ್ಪದಲ್ಲಿ ವ್ಯತ್ಯಾಸ ಮಾಡಿದ್ದು ಐದು. ಐದಕ್ಕೆ ಐದೂ ಸರಿ. ಹೋದ ವರ್ಷ ನೀವು ಇದರಲ್ಲೇ ಒಂದು ತಪ್ಪಿದ್ರಿ. ರುಚಿಯಲ್ಲಿ ಮಾಡಿದ್ದು ಏಳು, ಐದು ತಪ್ಪು. ಹೋದ ವರ್ಷ ಒಂದೂ ತಪ್ಪಿರಲಿಲ್ಲ.” ಹಾಳೆ ಮಡಿಸಿದರು. “ಯಾವಾಗಿಂದ?”

“ಜೂನ್.”

ಅವರು ತಲೆಯಾಡಿಸಿದರು. ಇನ್ನೇನೂ ಕೇಳಲಿಲ್ಲ, ಅದಕ್ಕೆ ನಾನು ಅವರಿಗೆ ಋಣಿ.

ಲ್ಯಾಬಿನ ಮೂಲೆಯಲ್ಲಿ ಬಿಸ್ಕತ್ತು ಮುರಿಯುವ ಒಂದು ಯಂತ್ರವಿದೆ. ಎಷ್ಟು ಒತ್ತಿದರೆ ಮುರಿಯುತ್ತದೆ ಎಂದು ಅಳೆದು ಹೇಳುವಂಥದು. ಕೆಟ್ಟು ಒಂದೂವರೆ ವರ್ಷ. ಅದರ ಬಿಡಿಭಾಗ ಯಾವುದೋ ದೇಶದಿಂದ ಬರಬೇಕು, ಬರುತ್ತಿದೆ ಎಂದು ತಿಂಗಳಿಗೊಂದು ಕಾಗದ ಬರುತ್ತದೆ. ಕೆಮಿಸ್ಟ್ ಅಂದು ಮಧ್ಯಾಹ್ನವೇ ಮ್ಯಾನೇಜರ್ ಕೋಣೆಗೆ ಹೋಗಿ, ಆ ಯಂತ್ರ ಬರುವವರೆಗೆ ಈಕೆಯೇ ಮುರಿಯಲಿ ಎಂದು ವಾದಿಸಿದರು. ಮ್ಯಾನೇಜರ್ ಮೊದಲು ಒಪ್ಪಲಿಲ್ಲ. ಹೆಡ್ ಆಫೀಸಿಗೆ ಏನು ಹೇಳುವುದು? ‘ಪರೀಕ್ಷೆಯಲ್ಲಿ ಏಳು ಬಂದಿದೆ, ಆದರೆ ಯಂತ್ರದ ಕೆಲಸ ಮಾಡುತ್ತಾರೆ’ ಎಂದು ಬರೆಯಿರಿ ಎಂದರು ಕೆಮಿಸ್ಟ್. ಮ್ಯಾನೇಜರ್ ಯೋಚಿಸಿ ‘ಹೊಸ ವಿಭಾಗದ ಸ್ಥಾಪನೆ’ ಎಂದು ಬರೆದರು.

ಆ ವಿಭಾಗ ಎಂದರೆ ನಾನು, ಒಂದು ಕುರ್ಚಿ, ಒಂದು ತಟ್ಟೆ. ಗೂಡಿನಿಂದ ನಾಲ್ಕು ಹೆಜ್ಜೆ. ಬಿಸ್ಕತ್ತು ಅದೇ. ಇನ್ನು ತಿನ್ನುವಂತಿಲ್ಲ, ಮುರಿದರೆ ಸಾಕು. ನಕ್ಷೆ ಬರೆಯುವುದು ನನ್ನ ಹತ್ತಿರವೇ ಉಳಿಯಿತು. ಸಾಲು ಓಡಿಸುವುದೋ ನಿಲ್ಲಿಸುವುದೋ ಎನ್ನುವುದು ಮೊದಲಿನಂತೆ ವೋಟಿನ ಮೇಲೆ. ನನ್ನ ಗೂಡಿಗೆ ಒಂದು ಹೊಸ ನಾಲಿಗೆಯನ್ನು ಹುಡುಕಬೇಕು.

“ಅದೇ ಮೇಡಂ ಇನ್ಮೇಲೆ ಟಕ್ ಮೇಡಂ,” ಎಂದ ಎಲೆಕ್ಟ್ರಿಷಿಯನ್. ಅವನಿಗೆ ಒಂಬತ್ತು ಸರಿಯಾಗಿತ್ತು, ಸಿಗರೇಟು ಸಮೇತ.

ಬಸ್ಸಿಗೆ ಕಾಯುತ್ತಾ ಅಕ್ಕನಿಗೆ ಫೋನ್ ಮಾಡಿದೆ.

“ಫೇಲಾದೆ,” ಎಂದೆ.

“ಅಯ್ಯೋ! ಇರಲಿ ಬಿಡು, ಒಳ್ಳೇದಕ್ಕೇ. ನಾಡಿದ್ದು ಟಿಕೆಟ್ ಇದೆ, ಬಟ್ಟೆ ತುಂಬ್ಕೊ.”

“ಅಲ್ಲೇ ಇನ್ನೊಂದು ಕೆಲಸ ಕೊಟ್ಟಿದಾರೆ.”

“ಇನ್ನೊಂದು ಅಂದ್ರೆ? ಹೊಸದಾ?”

ಮಾತಿನ ಪ್ರಕಾರ ನಾನು ಹೋಗಬೇಕು. ಅವಳು ಈಗ ಕೇಳಿದ್ದು ಮಾತ್ರ ಹೊಸದಾ ಎಂದು.

“ಹೂಂ. ಹೊಸ ವಿಭಾಗ. ಈಗ ತಾನೇ ಶುರು ಮಾಡಿದಾರೆ.”

“ಅಬ್ಬಾ!” ಆ ಕಡೆ ಅಕ್ಕನ ದನಿ ಒಡೆಯಿತು, ಅವಳು ಅಳುತ್ತಿದ್ದಳು. “ನಾನು ಹೇಳಿದ್ದೆ ತಾನೆ? ಹೊಸ ವರ್ಷ, ಹೊಸದಾಗಿ ಶುರು ಮಾಡು ಅಂತ? ಕೇಳಿದೆಯಲ್ಲ ಕೊನೆಗೂ! ಟಿಕೆಟ್ ಹೋದ್ರೆ ಹೋಗ್ಲಿ ಬಿಡು. ನೀನು ಹೀಗೇ ಮುಂದೆ ಹೋಗ್ತಾ ಇರು.”

“ಆಯ್ತು,” ಎಂದೆ.

ಮನೆಗೆ ಬರುವಾಗ ಆರಾಗಿ ಐದು ನಿಮಿಷ. ಅತ್ತೆ ಚಹಾ ಸೋಸುತ್ತಿದ್ದರು. ಫಲಿತಾಂಶ ಏನೆಂದು ಕೇಳಲಿಲ್ಲ. ನಾನೇ ಎಲ್ಲ ಹೇಳಿದೆ, ಏಳರಿಂದ ಹಿಡಿದು ವಿಭಾಗದವರೆಗೆ. ಅವರು ಲೋಟವನ್ನು ನನ್ನ ಕಡೆ ಸರಿಸಿದರು.

“ಹೋಗೋ ಬಸ್ಸು?”

“ಅದೇ.”

“ಬರೋ ಹೊತ್ತು?”

“ಅದೇ.”

“ಹಾಗಾದ್ರೆ ಬೆಳಿಗ್ಗೆ ಆರೂವರೆಗೇ ಏಳಿಸ್ತೀನಿ,” ಎಂದು ಅತ್ತೆ ಕಿಟಕಿಯ ಕಡೆ ತಿರುಗಿ ಕೂತರು. ನಾನೂ ತಿರುಗಿ ಕೂತೆ.